ಕೊನೆಯ ಮೂರು ಅಡಿಯಲ್ಲಿ ಕೆಡುವ ಚಿತ್ರ

ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಜುಲೈನಲ್ಲಿ, ದೂರದರ್ಶನದ ಚಂದನ ವಾಹಿನಿ ಪ್ರೌಢಶಾಲೆಯ ಪಾಠಗಳನ್ನು ಬಿತ್ತರಿಸತೊಡಗಿತು. ರೋಣ, ನರಗುಂದ, ಗಜೇಂದ್ರಗಡದ ಮಕ್ಕಳಿಗೂ ಟಿ.ವಿ.ಯೇ ಕರಿಹಲಗೆಯಾಯಿತು. ಸಿನಿಮಾದಲ್ಲಿ ನಾಯಕಿಯ ಸೀರೆಯ ಅಂಚು ಮಸುಕಾದರೆ ನಷ್ಟವೇನಿಲ್ಲ. ಗಣಿತದ ಪಾಠದಲ್ಲಿ 3 ಮತ್ತು 8 ಒಂದೇ ತೆರನಾಗಿ ಕಂಡರೆ ಲೆಕ್ಕವೇ ತಪ್ಪುತ್ತದೆ.

ಇಂಥ ಹೊತ್ತಿನಲ್ಲಿ ಬೈಗುಳ ತಿನ್ನುವುದು ಮಾಳಿಗೆಯ ಮೇಲಿನ ಡಿಶ್. ಆದರೆ ಉಪಗ್ರಹದ ಸಂಕೇತ ಡಿಜಿಟಲ್. ಅದು ದುರ್ಬಲವಾದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ. ಅಕ್ಷರಗಳ ಅಂಚಿನಲ್ಲಿ ಚುಕ್ಕೆಗಳು ಇರುವೆ ಸಾಲಿನಂತೆ ಹರಿದಾಡುತ್ತಿದ್ದರೆ, ಕೆಂಪು ಬಣ್ಣ ಪಕ್ಕಕ್ಕೆ ಸೋರಿದ್ದರೆ, ಕಾರಣವನ್ನು ಸೆಟ್‌ಟಾಪ್ ಪೆಟ್ಟಿಗೆ ಮತ್ತು ಟಿ.ವಿ. ನಡುವಿನ ಮೂರಡಿ ತಂತಿಯ ಜೋಡಣೆಯಲ್ಲಿ ಹುಡುಕಬೇಕು.

ಪೆಟ್ಟಿಗೆಯೊಳಗೆ ಚಿತ್ರದ ಬೆಳಕು ಮತ್ತು ಬಣ್ಣ ಬೇರೆಬೇರೆಯಾಗಿಯೇ ಇರುತ್ತವೆ. ಹಳದಿ ಪಿನ್ನಿನ ಕಾಂಪೊಸಿಟ್ ತಂತಿಗಾಗಿ ಎರಡನ್ನೂ ಬೆರೆಸಲಾಗುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಬಣ್ಣ 4.43 ಮೆಗಾಹರ್ಟ್ಸ್ ವಾಹಕದ ಬೆನ್ನೇರಿ ಬೆಳಕಿನ ಸಂಕೇತದೊಳಗೇ ಸಾಗುತ್ತದೆ. ಜೋಳದ ಹಿಟ್ಟಿಗೆ ಸಜ್ಜೆ ಹಿಟ್ಟು ಕಲಸಿ, ಆಮೇಲೆ ಜರಡಿ ಹಿಡಿದರೆ ಏನಾದೀತು? ಟಿ.ವಿ. ಮಾಡುವುದು ಅದೇ ಸಾಹಸ. ಹಳೆಯ ಪೆಟ್ಟಿಗೆಯನ್ನು ಆಂಟೆನಾ ತೂತಿಗೆ ಸಿಕ್ಕಿಸಿದರಂತೂ ಧ್ವನಿಯೂ ಆ ಮಿಶ್ರಣಕ್ಕೆ ಸೇರುತ್ತದೆ; ಆದ್ದರಿಂದ ಟಿ.ವಿ.ಗೆ ಹಳದಿ ತೂತಿದ್ದರೆ ಅದನ್ನೇ ಬಳಸುವುದು ಲೇಸು.

ಡಿವಿಡಿ ಪ್ಲೇಯರ್ ಇದ್ದ ಮನೆಗಳಲ್ಲಿ ಇನ್ನೂ ಒಳ್ಳೆಯ ದಾರಿಗಳಿವೆ. ನಾಲ್ಕು ಸೂಜಿಯ ಎಸ್-ವಿಡಿಯೊ ಬೆಳಕನ್ನೂ ಬಣ್ಣವನ್ನೂ ಬೇರೆ ಎಳೆಗಳಲ್ಲಿ ಒಯ್ಯುತ್ತದೆ. ಹಸಿರು, ನೀಲಿ, ಕೆಂಪು ಪಿನ್ನುಗಳ ಕಾಂಪೊನೆಂಟ್ ಬಣ್ಣವನ್ನೂ ಎರಡಾಗಿ ಬಿಡಿಸುತ್ತದೆ. ಅನಲಾಗ್ ಬಗೆಗಳಲ್ಲಿ ಮನೆಬಳಕೆಗೆ ಇದೇ ಮೇಲು. ಇದರ ಕೆಂಪು ಪಿನ್ನು ಧ್ವನಿಯ ಕೆಂಪು ಪಿನ್ನಲ್ಲ, ಅದಲುಬದಲು ಆಗುವುದು ಇಲ್ಲೇ! ಹಳದಿ ಪಿನ್ನನ್ನು ಹಸಿರು ತೂತಿಗೆ ಹಾಕಿದರೆ ಸಾಮಾನ್ಯವಾಗಿ ಚಿತ್ರ ಕಪ್ಪು-ಬಿಳುಪಾಗುತ್ತದೆ. ಹೆದರಬೇಕಿಲ್ಲ, ಟಿ.ವಿ. ಕೆಟ್ಟಿಲ್ಲ. ಕೆಲವು ಎಲ್‌ಇಡಿ ಟಿ.ವಿ.ಗಳಲ್ಲಿ ಆ ಹಸಿರು ತೂತು ಎರಡೂ ಕೆಲಸ ಮಾಡುತ್ತದೆ. ಮೆನುವಿನಲ್ಲಿ ‘ಎವಿ’ ಆರಿಸಿದರೆ ಬಣ್ಣ ಮರಳುತ್ತದೆ.

ಪೆಟ್ಟಿಗೆ, ಟಿ.ವಿ. ಎರಡರಲ್ಲೂ ಎಚ್‌ಡಿಎಂಐ ಇದ್ದರೆ ಈ ಚರ್ಚೆಯೇ ಬೇಡ. ಇಲ್ಲದಿದ್ದರೆ, ಚಿನ್ನದ ಲೇಪದ ದುಬಾರಿ ಹಳದಿ ತಂತಿಗೆ ದುಡ್ಡು ಸುರಿಯುವ ಮೊದಲು ಟಿ.ವಿ.ಯ ಬೆನ್ನನ್ನೊಮ್ಮೆ ತಿರುಗಿಸಿ ನೋಡಬೇಕು. ಬೆರೆತದ್ದನ್ನು ಬೇರ್ಪಡಿಸುವ ಶಕ್ತಿ ಚಿನ್ನಕ್ಕಿಲ್ಲ.