ಅರ್ಜಿಯ ಅಂಕಣದಲ್ಲಿ ಒಂದು ಪದ

ಹೊಸೂರು ಸೀಮೆಯ ಸಂತೆಯಲ್ಲಿ ನಿಂತು ವ್ಯಾಪಾರ ಮಾಡಿದವರಿಗೆ ಪದಗಳ ಸೂಕ್ಷ್ಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ‘ಅವಸರ’ ಎಂಬ ಒಂದೇ ಮಾತು ಕನ್ನಡಿಗನ ಬಾಯಲ್ಲಿ ಆತುರ, ತಮಿಳನ ಬಾಯಲ್ಲಿ ತುರ್ತು, ತೆಲುಗನ ಬಾಯಲ್ಲಿ ಅಗತ್ಯ. ಮೂರು ನುಡಿಗಳ ನಡುವೆ ಬಾಳುವ ನಮ್ಮವರು ಎದುರಿಗಿರುವವನ ಮುಖವನ್ನು ನೋಡಿಯೇ ಯಾವ ಅರ್ಥವೆಂದು ನಿರ್ಣಯಿಸಿಬಿಡುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಅಚ್ಚಾದ ಅರ್ಜಿಯ ನಮೂನೆ ಕೈಗೆ ಬಂದೊಡನೆ ಈ ಜಾಣ್ಮೆ ಕುಂದುತ್ತದೆ. ಅಲ್ಲಿ ನೋಡಲು ಮುಖವಿಲ್ಲ, ಪದವೊಂದೇ ಇದೆ.

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ, ಬೀದಿಯ ಮಾತು ತಮಿಳು. ಸೇಲಂ ನಗರದಲ್ಲಿ ಮಗ್ಗವನ್ನು ನಂಬಿ ಬಾಳಿದ ದೇವಾಂಗ ಕುಟುಂಬಗಳಲ್ಲಿ ಮನೆಮಾತು ಕನ್ನಡವಾದರೂ ಲೆಕ್ಕಪತ್ರ ತಮಿಳಿನಲ್ಲಿರುವುದುಂಟು. ಇವೆರಡರ ನಡುವೆ ಕಾಲೇಜು, ಉದ್ಯೋಗ, ನ್ಯಾಯಾಲಯಗಳ ಬಾಗಿಲಲ್ಲಿ ಇಂಗ್ಲಿಷು ನಿಂತಿದೆ. ನಿಘಂಟನ್ನು ತೆರೆದರೆ ಅದರ ನಾಲ್ಕಾರು ಪದಗಳಿಗೆ ಒಂದೇ ಕನ್ನಡ ಅರ್ಥ ಕಾಣುತ್ತದೆ. ಅರ್ಥ ಒಂದೇ ಎಂದು ಬಗೆದು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಆಗುವ ವ್ಯತ್ಯಾಸ ಸಣ್ಣದಲ್ಲ.

ಮೊದಲಿಗೆ ನಮಗೆ ಅತಿ ಸಮೀಪದ ಉದಾಹರಣೆಯನ್ನೇ ನೋಡೋಣ. ಬೌಂಡರಿ, ಬಾರ್ಡರ್, ಫ್ರಾಂಟಿಯರ್ ಈ ಮೂರನ್ನೂ ನಾವು ‘ಗಡಿ’ ಎನ್ನುತ್ತೇವೆ. ಬೌಂಡರಿ ಎಂದರೆ ಗುರುತು ಹಾಕಿದ ಗೆರೆ. ಹೊಲದ ಕ್ರಯಪತ್ರದ ಚಕ್ಕುಬಂದಿಯಲ್ಲಿ ಬರಬೇಕಾದುದು ಇದೇ. ಬಾರ್ಡರ್ ಎಂಬುದು ಆ ಗೆರೆಯನ್ನೂ ಅದರ ಎರಡು ಮಗ್ಗುಲಿನ ನೆಲವನ್ನೂ ಒಳಗೊಳ್ಳುತ್ತದೆ. ಫ್ರಾಂಟಿಯರ್ ಎಂದರೆ ಒಂದು ದೇಶದ ಕಟ್ಟಕಡೆಯ ಪ್ರದೇಶ, ಅದರಾಚೆಗೆ ಬೇರೆ ದೇಶ. ತಳಿ, ಡೆಂಕಣಿಕೋಟೆಗಳ ಕನ್ನಡಿಗರು ಬಾರ್ಡರಿನವರೇ ಹೊರತು ಫ್ರಾಂಟಿಯರಿನವರಲ್ಲ. ‘ಎಲ್ಲೆ’ ಮತ್ತು ‘ಗಡಿನಾಡು’ ಎಂಬ ನಮ್ಮ ಎರಡು ಪದಗಳನ್ನು ನೆನೆದರೆ ಮೊದಲೆರಡರ ಭೇದ ತಾನಾಗಿ ತಿಳಿಯುತ್ತದೆ.

ಇನ್ನು ಊರಿನ ವಿಷಯ. ಪ್ಲೇಸ್ ಆಫ್ ಬರ್ತ್, ನೇಟಿವ್ ಪ್ಲೇಸ್, ರೆಸಿಡೆನ್ಸ್ ಇವನ್ನೆಲ್ಲ ‘ಊರು’ ಎಂದೇ ತಿಳಿಯುವುದು ವಾಡಿಕೆ. ಮೊದಲನೆಯದು ಹುಟ್ಟಿದ ಸ್ಥಳ. ಎರಡನೆಯದು ಮನೆತನದ ಮೂಲದ ಊರು. ಮೂರನೆಯದು ಈಗ ನೆಲೆಸಿರುವ ಸ್ಥಳ. ಈ ಭೇದ ಬರಿಯ ವ್ಯಾಕರಣದ್ದೆಂದು ತಿಳಿಯಬಾರದು. ಭಾರತ ಸಂವಿಧಾನದ 15ನೆಯ ವಿಧಿಯ ಮೊದಲ ಖಂಡವು ಹುಟ್ಟಿದ ಸ್ಥಳದ ಕಾರಣದಿಂದ ಭೇದವೆಣಿಸುವುದನ್ನು ನಿಷೇಧಿಸುತ್ತದೆ; ಅಲ್ಲಿ ರೆಸಿಡೆನ್ಸ್ ಎಂಬ ಪದವಿಲ್ಲ. ಸರಕಾರಿ ಉದ್ಯೋಗವನ್ನು ಕುರಿತ 16ನೆಯ ವಿಧಿಯಲ್ಲಿ ಎರಡು ಪದಗಳೂ ಇವೆ. ಇಂದೋರಿನ ವೈದ್ಯಕೀಯ ಕಾಲೇಜೊಂದರಲ್ಲಿ ಹೊರಪ್ರಾಂತದ ವಿದ್ಯಾರ್ಥಿಗಳಿಂದ ಮಾತ್ರ ಹೆಚ್ಚುವರಿ ಶುಲ್ಕ ಪಡೆಯುತ್ತಿದ್ದುದನ್ನು ಡಿ. ಪಿ. ಜೋಷಿ ಎಂಬುವರು ಪ್ರಶ್ನಿಸಿದಾಗ, ಹುಟ್ಟಿದ ಸ್ಥಳ ಬೇರೆ, ವಾಸಸ್ಥಳ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯದ ಬಹುಮತವು 1955ರಲ್ಲಿ ತೀರ್ಪಿತ್ತು ಆ ಶುಲ್ಕವನ್ನು ಎತ್ತಿಹಿಡಿಯಿತು. ನಮ್ಮ ನಿಘಂಟಿಗೆ ಒಂದೇ ಎನಿಸಿದ ಎರಡು ಪದಗಳ ನಡುವಣ ಅಂತರ ಒಬ್ಬ ವಿದ್ಯಾರ್ಥಿಯ ಹಣದ ಗಂಟಾಯಿತು.

ತಮಿಳುನಾಡಿನ ಕಂದಾಯ ಕಚೇರಿಯಲ್ಲಿ ಬಳಕೆಯಲ್ಲಿರುವ ‘ನೇಟಿವಿಟಿ’ ಎಂಬ ಪದವನ್ನೂ ಇಲ್ಲಿ ಗಮನಿಸಬೇಕು. ಇಂಗ್ಲಿಷ್ ನಿಘಂಟಿನಲ್ಲಿ ಅದಕ್ಕೆ ಜನನವೆಂದರ್ಥ. ವಿಶೇಷವಾಗಿ ಏಸುವಿನ ಜನನ. ತಹಸೀಲ್ದಾರರ ಪ್ರಮಾಣಪತ್ರದಲ್ಲಾದರೋ ಅದು ಈ ರಾಜ್ಯಕ್ಕೆ ಸೇರಿದವನೆಂಬುದರ ಗುರುತು. ‘ಡೊಮಿಸೈಲ್’ ಎಂಬುದೂ ಅಂತಹುದೇ. ಭಾರತೀಯನಿಗೆ ಡೊಮಿಸೈಲ್ ಒಂದೇ, ಅದು ಭಾರತದ್ದು. ರಾಜ್ಯಗಳು ಆ ಪದವನ್ನು ಖಾಯಂ ವಾಸವೆಂಬ ಸಡಿಲವಾದ ಅರ್ಥದಲ್ಲಿ ಬಳಸುತ್ತಿವೆಯೆಂದು ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಹೇಳಿತು.

ಇಲ್ಲಿ ನಮ್ಮ ಕುಟುಂಬಗಳು ಎಚ್ಚರವಹಿಸಬೇಕಾದ ಒಂದಂಶವಿದೆ. ‘ಮಾತು ಕನ್ನಡ, ಆದುದರಿಂದ ನೇಟಿವ್ ಪ್ಲೇಸ್ ಕರ್ನಾಟಕ’ ಎಂದು ಬರೆಯಲು ಕೈ ಹೋಗುವುದು ಸಹಜ. ಆದರೆ ಭಾಷೆ ಬೇರೆ, ಊರು ಬೇರೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಕಂಪೆನಿಯ ವಶವಾಯಿತು. 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಹೊಸೂರು ಕಡೆಯ ಸೀಮೆಯೂ ಸೇರಿತು. 1956ರಲ್ಲಿ ರಾಜ್ಯಗಳು ಭಾಷಾವಾರು ವಿಂಗಡಣೆಯಾದವು. ಸೇಲಂನಿಂದ 1965ರ ಅಕ್ಟೋಬರ್ 2ರಂದು ಧರ್ಮಪುರಿಯೂ, ಧರ್ಮಪುರಿಯಿಂದ 2004ರ ಫೆಬ್ರವರಿ 9ರಂದು ಕೃಷ್ಣಗಿರಿಯೂ ಬೇರ್ಪಟ್ಟವು. ಹೀಗಾಗಿ ಒಂದೇ ಹೊಸೂರಿನ ಒಂದೇ ಮನೆಯಲ್ಲಿ ಅಜ್ಜ ಸೇಲಂ ಜಿಲ್ಲೆಯಲ್ಲಿ, ತಂದೆ ಧರ್ಮಪುರಿ ಜಿಲ್ಲೆಯಲ್ಲಿ, ಮಗ ಕೃಷ್ಣಗಿರಿ ಜಿಲ್ಲೆಯಲ್ಲಿ ಹುಟ್ಟಿರುವುದು ಸಾಧ್ಯ. ಮನೆ ಮಾತ್ರ ಅಲ್ಲಿಯೇ ಇದೆ! ತಲೆಮಾರುಗಳಿಂದ ಇಲ್ಲಿಯೇ ಉತ್ತುಬಿತ್ತಿದವರು ತಮ್ಮ ಊರನ್ನು ಪರರಾಜ್ಯವೆಂದು ತಾವೇ ಬರೆದುಕೊಡಬಾರದು. ಜಿಲ್ಲೆಯ ಹೆಸರನ್ನು ಬರೆಯುವಾಗ ಜನನದ ದಾಖಲೆಯೊಡನೆ ಒಮ್ಮೆ ಹೋಲಿಸಿ ನೋಡುವುದು ಒಳಿತು.

ಎಲ್ಲಕ್ಕಿಂತ ಮಿಗಿಲಾದ ಪದ ‘ಮದರ್ ಟಂಗ್’. ಇದರ ಸುತ್ತ ಫಸ್ಟ್ ಲ್ಯಾಂಗ್ವೇಜ್, ಮೀಡಿಯಂ, ಲ್ಯಾಂಗ್ವೇಜಸ್ ನೋನ್ ಎಂಬ ನೆಂಟರಿದ್ದಾರೆ. ಮಗು ಶಾಲೆಯಲ್ಲಿ ತಮಿಳನ್ನು ಮೊದಲ ಭಾಷೆಯಾಗಿ ಓದುತ್ತದೆಯೆಂದು ಮಾತೃಭಾಷೆಯ ಅಂಕಣದಲ್ಲಿಯೂ ‘ತಮಿಳು’ ಎಂದು ಬರೆದುಬಿಟ್ಟರೆ ಶಾಲೆಯ ದಾಖಲೆಯಲ್ಲಿ ಆ ಮಗು ಕನ್ನಡದ ಮಗುವಾಗಿ ಉಳಿಯದು. ಜನಗಣತಿಯ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಭಾಷೆ. ಶೈಶವದಲ್ಲಿಯೇ ತಾಯಿ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಬಲ್ಲ ಇತರ ಭಾಷೆಗಳಿಗೆ ಗಣತಿಯಲ್ಲಿ ಬೇರೆ ಅಂಕಣವೇ ಉಂಟು. ತಮಿಳನ್ನು ಸೊಗಸಾಗಿ ಬಲ್ಲೆವೆಂಬುದನ್ನು ಅಲ್ಲಿ ಹೆಮ್ಮೆಯಿಂದಲೇ ಬರೆಯಬಹುದು. ಅದಕ್ಕಾಗಿ ತಾಯ ನುಡಿಯನ್ನು ಬಿಟ್ಟುಕೊಡಬೇಕಾಗಿಲ್ಲ.

2006ರ ತಮಿಳು ಕಲಿಕೆಯ ಅಧಿನಿಯಮವು ತಮಿಳನ್ನು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯಗೊಳಿಸಿತು. ತಮಿಳು, ಇಂಗ್ಲಿಷುಗಳು ಮಾತೃಭಾಷೆಯಲ್ಲದ ಮಕ್ಕಳು ತಮ್ಮ ನುಡಿಯನ್ನು ಐಚ್ಛಿಕವಾಗಿ ಓದಲು ಅದರಲ್ಲಿ ನಾಲ್ಕನೆಯ ಭಾಗವೊಂದನ್ನು ಇರಿಸಿದೆ. ಆ ಬಾಗಿಲಿಗೆ ಹೋಗುವ ದಾರಿ ಮಾತೃಭಾಷೆಯ ಅಂಕಣದ ಮೂಲಕವೇ. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸತಕ್ಕವರು ತಂದೆತಾಯಿ ಅಥವಾ ಪೋಷಕರೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ ತಿಂಗಳಲ್ಲಿ, ಕರ್ನಾಟಕದಿಂದಲೇ ಬಂದ ಮೊಕದ್ದಮೆಯಲ್ಲಿ, ಹೇಳಿರುವುದನ್ನೂ ನೆನಪಿಡಬೇಕು. ಅಂತೆಯೇ ‘ಕನ್ನಡದಲ್ಲಿ ಬೋಧನೆ’ ಮತ್ತು ‘ಕನ್ನಡದ ಬೋಧನೆ’ ಎರಡೂ ಒಂದಲ್ಲ. ಮೊದಲನೆಯದು ಮಾಧ್ಯಮ, ಎರಡನೆಯದು ಪಾಠ್ಯವಿಷಯ. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಹೇಳುವುದು ಮೊದಲನೆಯದನ್ನು. ಮನವಿ ಬರೆಯುವವರು ತಮಗೆ ಬೇಕಾದುದು ಕನ್ನಡ ಮಾಧ್ಯಮದ ತರಗತಿಯೋ, ಕನ್ನಡ ಪಾಠ ಹೇಳುವ ಒಬ್ಬ ಅಧ್ಯಾಪಕರೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಮನವಿಯ ಧಾಟಿಗೂ ಪದಗಳ ಆಯ್ಕೆ ಅಗತ್ಯ. ಕನ್ನಡದಲ್ಲಿ ಎಲ್ಲವನ್ನೂ ‘ಕೇಳು’ತ್ತೇವೆ. ಇಂಗ್ಲಿಷಿನಲ್ಲಿ ರಿಕ್ವೆಸ್ಟ್ ಎಂದರೆ ವಿನಂತಿ, ಡಿಮ್ಯಾಂಡ್ ಎಂದರೆ ಹಕ್ಕೊತ್ತಾಯ, ರಿಕ್ವೈರ್ ಎಂದರೆ ಬೇಕೇಬೇಕೆಂಬ ಅಗತ್ಯ. ಅಧಿಕಾರಿಗೆ ‘ನನಗೊಂದು ಡೌಟ್ ಇದೆ’ ಎಂದು ಬರೆದರೆ ಅವರ ಮಾತಿನಲ್ಲಿ ನಂಬಿಕೆಯಿಲ್ಲವೆಂಬ ಧ್ವನಿ ಹೊರಡಬಹುದು; ಕ್ವೆಶ್ಚನ್ ಎಂದರೆ ಸಾಕು.

ಹಾಗಾದರೆ ಸರಿಯಾದ ಪದವನ್ನು ಆರಿಸುವ ಬಗೆ ಹೇಗೆ? ಮೊದಲು, ಹೇಳಬೇಕಾದುದನ್ನು ಕನ್ನಡದಲ್ಲಿ ಒಂದು ಪೂರ್ಣ ವಾಕ್ಯವಾಗಿ ಬರೆದುಕೊಳ್ಳಿರಿ. ‘ಊರು’ ಎಂದಷ್ಟೇ ಬರೆಯದೆ ‘ನಾನು ಹುಟ್ಟಿದ ಊರು’ ಎಂದು ಬಿಡಿಸಿದೊಡನೆ ಅರ್ಧ ಗೊಂದಲ ಕಳೆಯುತ್ತದೆ. ಎರಡನೆಯದಾಗಿ, ಇಂಗ್ಲಿಷಿನಿಂದ ಇಂಗ್ಲಿಷಿಗೇ ಅರ್ಥ ಹೇಳುವ ನಿಘಂಟಿನಲ್ಲಿ ಪದವನ್ನು ಬಳಸಿದ ವಾಕ್ಯಗಳನ್ನು ಓದಿರಿ. ಮೂರನೆಯದಾಗಿ, ಆ ಕಚೇರಿ ಆ ಪದಕ್ಕೆ ಯಾವ ಅರ್ಥ ಕೊಟ್ಟಿದೆಯೆಂಬುದನ್ನು ನಮೂನೆಯ ಸೂಚನೆಗಳಿಂದಲೋ, ಬಲ್ಲವರಿಂದಲೋ ತಿಳಿದುಕೊಳ್ಳಿರಿ; ನೇಟಿವಿಟಿಯಂತಹ ಪದಗಳಲ್ಲಿ ನಿಘಂಟು ನೆರವಾಗದು.

ಬೇಸಗೆಯ ರಜೆ ಮುಗಿದು ಶಾಲೆ ತೆರೆಯುವ ದಿನಗಳಲ್ಲಿ ಮನೆಮನೆಗೂ ಈ ನಮೂನೆಗಳು ಬರುತ್ತವೆ. ಮಕ್ಕಳು ತಾವೇ ತುಂಬಿಕೊಳ್ಳಲೆಂದು ಬಿಟ್ಟುಬಿಡದೆ, ತಂದೆತಾಯಿಗಳು ಪಕ್ಕದಲ್ಲಿ ಕುಳಿತು ಒಂದೊಂದು ಪದವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ ಬರೆಯಿಸಲಿ. ಅರ್ಜಿಯೂ ಸರಿಯಾಗುತ್ತದೆ, ಮಗುವಿಗೆ ಎರಡು ಭಾಷೆಗಳ ಪಾಠವೂ ಆಗುತ್ತದೆ.