ಕೆರೆ ಏರಿಯೂ ಆರೋಗ್ಯ ಕೇಂದ್ರವೇ

ಸಕ್ಕರೆ ಕಾಯಿಲೆ ಇರುವ ನನಗೆ ಡಾಕ್ಟರು ಮಾತ್ರೆಯ ಜೊತೆಗೆ ಬರೆದುಕೊಟ್ಟಿದ್ದು ನಡಿಗೆ. ಚನ್ನಗಿರಿಯ ಪೇಟೆ ಬೀದಿಯಲ್ಲಿ ಲಾರಿ, ಬೈಕುಗಳ ನಡುವೆ ನಡೆಯುವುದು ಹೇಗೆ? ಕೋಟೆ ಬೆಟ್ಟದ ದಾರಿ ಹಿಡಿದೆ. ಈಗ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ, ಮನಸ್ಸೂ ಹಗುರಾಗಿದೆ.

ಇದು ನನ್ನೊಬ್ಬನ ಅನುಭವವಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಮಧ್ಯಮ ಶ್ರಮದ ಚಟುವಟಿಕೆ ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರದಲ್ಲಿ 120 ನಿಮಿಷವಾದರೂ ಹಸಿರು, ನೀರಿನ ತಾಣಗಳಲ್ಲಿ ಕಳೆಯುವವರು ಹೆಚ್ಚು ಆರೋಗ್ಯವಾಗಿರುವುದನ್ನು ಇಂಗ್ಲೆಂಡಿನ ಸಂಶೋಧಕರು 2019ರಲ್ಲಿ ಕಂಡುಕೊಂಡರು. ಮರದ ನೆರಳು ಬಿಸಿಲಿನ ಝಳ ತಗ್ಗಿಸುತ್ತದೆ, ಎಲೆಗಳು ದೂಳು ಹಿಡಿಯುತ್ತವೆ. ಜನ ಕಲೆತರೆ ಒಂಟಿತನವೂ ಕಳೆಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಇಂಥ ತಾಣಗಳಿಗೆ ಬರವಿಲ್ಲ. ನಮ್ಮ ತಾಲ್ಲೂಕಿನಲ್ಲಿ ಶಾಂತಿಸಾಗರ, ಅಂದರೆ ಸೂಳೆಕೆರೆ ಇದೆ. ಹೊನ್ನಾಳಿಯ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ಬರದ ನಾಡು ಜಗಳೂರಿನ ಕೆರೆಗಳಿಗೆ ಅದೇ ತುಂಗಭದ್ರೆಯ ನೀರು ಹರಿಸುವ ಯೋಜನೆ ಬಂದಿದೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯಲ್ಲಿ ಬಡಾವಣೆಗಳು ಬೆಳೆಯುವಾಗಲೇ ಉದ್ಯಾನದ ಜಾಗ ಕಾಯ್ದುಕೊಳ್ಳಬಹುದು. ಅದಕ್ಕೆ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಕಾಯ್ದೆಯ ಬಲವಿದೆ.

ಆದರೆ ಚರಂಡಿ ನೀರು ಸೇರಿದ ಕೆರೆ ಸೊಳ್ಳೆ ಸಾಕುತ್ತದೆ, ರೋಗ ಹಂಚುತ್ತದೆ. ಆದ್ದರಿಂದ ಕೊಳಚೆ ತಡೆಯುವುದು ಮೊದಲ ಕೆಲಸ. ಆಮೇಲೆ ಏರಿಯ ಮೇಲೆ ಸಮತಟ್ಟಾದ ಹಾದಿ, ಹೊಂಗೆ–ಬೇವಿನ ನೆರಳು, ಕೂರಲು ಕಲ್ಲುಬೆಂಚು, ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡಲು ದೀಪ ಬೇಕು. ನಿಮ್ಮ ವಾರ್ಡಿನ ಸದಸ್ಯರನ್ನು ಇವತ್ತೇ ಕೇಳಿ: ನಮ್ಮ ಉದ್ಯಾನದ ಜಾಗ ಎಲ್ಲಿದೆ?