ಅಂಜೂರದ ಮರವನ್ನು ಕೊರೆಯುವ ಮೀಸೆದುಂಬಿ: ಗುರುತಿಸುವ ಕ್ರಮ

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಗಳಲ್ಲಿ ಮುಂಗಾರು ಮಳೆ ಬಿದ್ದ ಮೇಲೆ ರಾತ್ರಿಯ ದೀಪಗಳಿಗೆ ನಾನಾ ಬಗೆಯ ದುಂಬಿಗಳು ಬಂದು ಬೀಳುವುವು. ಅವುಗಳಲ್ಲಿ ಉದ್ದ ಮೀಸೆಯ ದೊಡ್ಡ ದುಂಬಿಯೊಂದು ಸಿಕ್ಕಿದರೆ, ಅದನ್ನು ವಿಚಿತ್ರವೆಂದು ನೋಡಿ ಬಿಟ್ಟುಬಿಡತಕ್ಕದ್ದಲ್ಲ. ದುಂಬಿ ಯಾವುದೆಂದು ತಿಳಿದರೆ ಅದರ ಮರಿಹುಳು ಎಲ್ಲಿ ಅಡಗಿರುವುದೆಂಬುದೂ ತಿಳಿಯುವುದು. ಗುರುತು ತಪ್ಪಿದರೆ ಹುಡುಕುವ ಸ್ಥಳವೂ ತಪ್ಪಿ, ಫಲ ಕೊಡುವ ಮರವು ಕೈಬಿಟ್ಟು ಹೋಗುವುದು.

ಮೊದಲು ತಲೆಯನ್ನು ನೋಡಬೇಕು. ತಲೆಯ ಮೇಲೆ ಒಂದೇ ಕೊಂಬಿದ್ದು ಮೀಸೆ ಮೋಟಾಗಿದ್ದರೆ ಅದು ಕೊಂಬಿನ ದುಂಬಿ. ಅದರ ಮರಿಹುಳು ತಿಪ್ಪೆಗೊಬ್ಬರದಲ್ಲಿ ಬೆಳೆಯುವುದು. ಅದು ತೆಂಗಿಗೆ ವೈರಿಯೇ ಹೊರತು ಅಂಜೂರಕ್ಕಲ್ಲ. ಮೀಸೆಗಳು ಗಣ್ಣುಗಣ್ಣಾಗಿ ಮೈಯಷ್ಟು ಅಥವಾ ಮೈಗಿಂತ ಉದ್ದವಾಗಿದ್ದು, ಕಣ್ಣುಗಳು ಮೀಸೆಯ ಬುಡವನ್ನು ಬಳಸಿಕೊಂಡಂತಿದ್ದರೆ ಅದು ಮೀಸೆದುಂಬಿಯ ಕುಲದ್ದು.

ಎರಡನೆಯದಾಗಿ ಎದೆಯ ಮೇಲ್ಭಾಗವನ್ನು ನೋಡಬೇಕು. ಎರಡು ಪಕ್ಕಗಳಲ್ಲಿ ಒಂದೊಂದು ಮುಳ್ಳು, ನಡುವೆ ಹುರುಳಿಕಾಳಿನ ಆಕಾರದ ಎರಡು ಕೆಂಪು ಅಥವಾ ಕಿತ್ತಳೆ ಬಣ್ಣದ ಬೊಟ್ಟುಗಳಿದ್ದರೆ ಅದೇ ಮಾವು ಮತ್ತು ಅಂಜೂರಗಳ ಕಾಂಡ ಕೊರೆಯುವ ದುಂಬಿ. ಅದರ ಮೈ ಬೂದುಗಂದು. ಉದ್ದ ಸುಮಾರು 2 ಅಂಗುಲ. ಗಡಸು ಮೇಲುರೆಕ್ಕೆಗಳ ಬುಡದಲ್ಲಿ ನವಣೆ ಚೆಲ್ಲಿದಂತೆ ಕರಿಯ ಗುಬುಟುಗಳುಂಟು. ಸ್ವೀಡನ್ ದೇಶದ ಡಿ ಗೀರ್ ಎಂಬ ವಿದ್ವಾಂಸನು 1775ರಲ್ಲಿ ಇದನ್ನು ವರ್ಣಿಸಿದನು. ಶಾಸ್ತ್ರದಲ್ಲಿ ಇದರ ಹೆಸರು ಬ್ಯಾಟೊಸೆರ ರೂಫೊಮ್ಯಾಕ್ಯುಲೇಟ. ಎರಡನೆಯ ಪದಕ್ಕೆ ಕೆಂಪು ಬೊಟ್ಟುಳ್ಳದ್ದೆಂದು ಅರ್ಥ.

ಎದೆಯ ಮೇಲೆ ಜೋಡಿ ಬೊಟ್ಟುಗಳಿಲ್ಲದೆ, ಮೈ ಮಾಸಲು ಹಳದಿಗಂದಾಗಿ, ಮೇಲುರೆಕ್ಕೆಯ ತುಂಬ ಸಣ್ಣ ಕರಿಯ ಚುಕ್ಕೆಗಳಿದ್ದರೆ ಅದು ಕರಿಜಾಲಿಯ ಮೀಸೆದುಂಬಿಯಾಗಿರಬಹುದು. ಅದರ ಮರಿಹುಳು ಎಳೆಯ ಜಾಲಿಯ ಕಾಂಡದ ಬುಡವನ್ನೂ ಬೇರನ್ನೂ ಕೊರೆಯುವುದು.

ಕೆಂಪು ಬೊಟ್ಟಿನ ದುಂಬಿ ಸಿಕ್ಕಿದ ಕೂಡಲೇ ತೋಟದ ಮರಗಳ ಕಾಂಡವನ್ನೂ ದಪ್ಪ ಕೊಂಬೆಗಳನ್ನೂ ಪರೀಕ್ಷಿಸಬೇಕು. ಹೆಣ್ಣು ದುಂಬಿಯು ತೊಗಟೆಯನ್ನು ಸೀಳಿ ಮೊಟ್ಟೆಯಿಡುವುದು. ಕಾಲಿಲ್ಲದ ಕೆನೆಬಣ್ಣದ ಮರಿಹುಳು ಒಳಗೆ ಸುರಂಗ ತೋಡುತ್ತ ಹಲವು ತಿಂಗಳು ಇರುವುದು. ರಂಧ್ರದಿಂದ ಮರದ ಹೊಟ್ಟು ಉದುರುವುದು, ರಸ ಒಸರುವುದು, ಒಂದೇ ಕೊಂಬೆ ಒಣಗುವುದು, ಇವು ಅದರ ಲಕ್ಷಣಗಳು. ಕೊಕ್ಕೆ ಮಾಡಿದ ಕಬ್ಬಿಣದ ತಂತಿಯಿಂದ ಹುಳುವನ್ನು ಹೊರಗೆಳೆದು ಕೊಂದು, ಸೀಮೆಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ರಂಧ್ರಕ್ಕೆ ತುರುಕಿ, ಹಸಿ ಮಣ್ಣಿನಿಂದ ಮೆತ್ತಬೇಕು. ಪೂರ್ತಿ ಒಣಗಿದ ಕೊಂಬೆಯನ್ನು ಕಡಿದು ತೋಟದಲ್ಲಿ ಒಟ್ಟದೆ ಸುಡತಕ್ಕದ್ದು.

ಮೇಲಿನ ಯಾವ ಲಕ್ಷಣಕ್ಕೂ ಹೊಂದದ ದುಂಬಿಯನ್ನು ಜಜ್ಜದೆ, ಮೀಸೆ ಮುರಿಯದಂತೆ ಸೀಸೆಯಲ್ಲಿ ಹಾಕಿ, ಊರು, ದಿನಾಂಕ, ಸಿಕ್ಕಿದ ಮರ ಇವುಗಳನ್ನು ಸೀಸದಕಡ್ಡಿಯಲ್ಲಿ ಬರೆದ ಚೀಟಿಯೊಡನೆ ರೈತ ಸಂಪರ್ಕ ಕೇಂದ್ರಕ್ಕಾಗಲಿ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕಾಗಲಿ ತಲಪಿಸಬೇಕು. ಒಬ್ಬರ ತೋಟದಲ್ಲಿ ಹುಟ್ಟಿದ ದುಂಬಿ ನೆರೆಯವರ ತೋಟಕ್ಕೆ ಹಾರಬಲ್ಲದು. ಆದುದರಿಂದ ಗ್ರಾಮದ ಮುಖಂಡರು ಈ ಗುರುತುಗಳನ್ನು ಎಲ್ಲ ಜಮೀನುದಾರರಿಗೂ ತಿಳಿಯಪಡಿಸಿ, ಊರಿನ ತೋಟಗಳೆಲ್ಲವೂ ಒಂದೇ ಕಾಲದಲ್ಲಿ ಪರೀಕ್ಷೆಯಾಗುವಂತೆ ಮಾಡುವುದು ಮೇಲು.